ತಡವಾಗಿ ತಲುಪಿದ ಕಾಗದ

ಟೀಚರ ಕೊರಳಲ್ಲಿ ಚಿನ್ನದ ಸರ ಇರಲಿಲ್ಲ. ಕಪ್ಪು ದಾರಕ್ಕೆ ಕಟ್ಟಿದ ಒಂದು ಭೂತಗನ್ನಡಿ ತೂಗುತ್ತಿತ್ತು. ಅದರ ಹಿಡಿ ಎಂದೋ ಮುರಿದುಹೋಗಿ, ಉಳಿದ ತುಂಡಿಗೆ ದಾರ ಸುತ್ತಿದ್ದರು. ಚಹಾ ಕುಡಿಯಲು ಬಗ್ಗಿದಾಗಲೆಲ್ಲ ಅವರ ಬಾಯಿಗಿಂತ ಮೊದಲು ಅದೇ ಲೋಟಕ್ಕೆ ಇಳಿಯುತ್ತಿತ್ತು. "ಇದಕ್ಕೂ ಚಹಾ ಬೇಕಂತೆ, ನೋಡಿ" ಎನ್ನುತ್ತ ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಅವರ ಹತ್ತಿ ಸೀರೆಗಳೆಲ್ಲದರ ಸೆರಗಿನ ತುದಿಯಲ್ಲೂ ಚಹಾದ ಕಲೆ ಇತ್ತು.

ಮಕ್ಕಳೇ, ನಿಮ್ಮಲ್ಲಿ ದೊಡ್ಡವಳಿಗೆ ಅವರ ನೆನಪು ಸ್ವಲ್ಪ ಇರಬಹುದು. ಆ ಕನ್ನಡಿಯನ್ನು ಡಾಕ್ಟರು ಎದೆಗೆ ಇಡುವ ಸಾಮಾನು ಎಂದು ತಿಳಿದು, ನೀನು ಅಂಗಿ ಎತ್ತಿ ಅವರ ಮುಂದೆ ನಿಂತಿದ್ದೆ. ಅವರೂ ಗಂಭೀರವಾಗಿ ಕನ್ನಡಿಯನ್ನು ನಿನ್ನ ಎದೆಗೆ ಒತ್ತಿ, ತಲೆ ಆಡಿಸಿ, "ಒಳಗೆ ಮಾತು ತುಂಬಾ ಉಂಟು ಮಗಾ. ನಿನ್ನ ಅಜ್ಜಿಗೆ ಸ್ವಲ್ಪ ಸಾಲ ಕೊಡು" ಎಂದರು. ನೀನು ಇಂಗ್ಲಿಷಿನಲ್ಲಿ "ನೋ" ಎಂದು ಓಡಿದೆ. ನಾನು ಅಡುಗೆಮನೆಯಲ್ಲಿ ನಿಂತು ನಕ್ಕೆ. ನಾನು ಯಾವಾಗಲೂ ಅಡುಗೆಮನೆಯಲ್ಲೇ ಇರುತ್ತಿದ್ದೆ.

ನಿಮಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಇದನ್ನು ನಿಮ್ಮ ಅಪ್ಪ ಓದಿ ಹೇಳಲಿ. ನಾನು ಕಲಿತದ್ದು ಊರಿನ ಕನ್ನಡ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಆಮೇಲೆ ಸಾಮಾನಿನ ಚೀಟಿ ಬಿಟ್ಟು ಬೇರೇನೂ ಬರೆದವಳಲ್ಲ. ಈಗ ಹೀಗೆ ಪುಟ ತುಂಬಿಸುತ್ತಿದ್ದರೆ ಅದಕ್ಕೆ ಕಾರಣ ಟೀಚರು.

ಅವರು ಈ ಗಲ್ಫ್ ದೇಶದಲ್ಲಿ, ಮೈದಾನ್ ಹವಲ್ಲಿಯ ನಮ್ಮ ಕಟ್ಟಡದಲ್ಲೇ, ನಮ್ಮ ಮೇಲಿನ ಮಹಡಿಯಲ್ಲಿ ಇದ್ದರು. ಇಲ್ಲಿಯ ಒಂದು ಭಾರತೀಯ ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ನಮ್ಮ ಹಾಗೆಯೇ ಕರಾವಳಿಯವರು, ನಮ್ಮದೇ ಕ್ರೈಸ್ತ ಸಭೆಯವರು, ಮನೆಮಾತು ತುಳು. ಶಾಲೆಯ ಪಾಠ ಬಿಟ್ಟರೆ ಅವರಿಗೆ ಇದ್ದ ಹುಚ್ಚು ಒಂದೇ: ಹಳೆಯ ಧಾರ್ಮಿಕ ಪತ್ರಿಕೆಗಳು. ಬಹಳ ಹಳೆಯವು. ಮುನ್ನೂರು ವರ್ಷಕ್ಕೆ ತುಸು ಕಡಿಮೆ ಎನ್ನುವಷ್ಟು ಹಿಂದೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಕಡೆ ಜನರಲ್ಲಿ ಭಕ್ತಿಯ ಒಂದು ದೊಡ್ಡ ಅಲೆ ಎದ್ದಿತ್ತಂತೆ. ಬೋಧಕರು ಬಯಲಿನಲ್ಲಿ ನಿಂತು ಬೋಧಿಸುತ್ತಿದ್ದರು; ಗಣಿಯವರು, ನೇಕಾರರು, ಮನೆಗೆಲಸದ ಹುಡುಗಿಯರು ಗುಂಪುಗುಂಪಾಗಿ ಬಂದು ಕೇಳಿ ಅಳುತ್ತಿದ್ದರು. ಆಮೇಲೆ ತಮ್ಮ ಮನಸ್ಸಿನಲ್ಲಿ ಆದದ್ದನ್ನು ಕಾಗದ ಬರೆದು ಕಳುಹಿಸುತ್ತಿದ್ದರು. ಆ ಕಾಗದಗಳನ್ನು ಓದಲಿಕ್ಕೆಂದೇ ಒಂದು ದಿನ ಗೊತ್ತುಮಾಡಿ, ಸೇರಿದವರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಬರಲಾಗದವರಿಗಾಗಿ ಅವನ್ನೇ ಅಚ್ಚು ಹಾಕಿ ವಾರವಾರ ಹಂಚುತ್ತಿದ್ದರು. ಒಂದು ಸಂಚಿಕೆ ಎಂದರೆ ನಾಲ್ಕೇ ಪುಟ. ಟೀಚರು ಅವುಗಳ ಚಿತ್ರಗಳನ್ನು ದೂರದ ಗ್ರಂಥಾಲಯಗಳಿಂದ ಕಂಪ್ಯೂಟರಿನಲ್ಲಿ ತರಿಸಿ, ಪ್ರಿಂಟ್ ತೆಗೆದು, ಮಂಚದ ಕೆಳಗೆಲ್ಲ ಕಟ್ಟಿ ಇಟ್ಟಿದ್ದರು. ಅಕ್ಷರ ಇರುವೆಯಷ್ಟು. ಭೂತಗನ್ನಡಿ ಅದಕ್ಕಾಗಿಯೇ.

"ಇದನ್ನೆಲ್ಲ ಓದಿ ಎಂತ ಮಾಡ್ತೀರಿ ಟೀಚರ್?" ಎಂದು ನಿಮ್ಮ ಅಜ್ಜ ಒಮ್ಮೆ ಕೇಳಿದ್ದರು.

"ಬೇರೆಯವರ ಕಾಗದ ಓದುವ ಚಾಳಿ ಮಾರಾಯ್ರೆ. ಬದುಕಿರುವವರದ್ದು ಓದಿದರೆ ಬೈತಾರೆ. ಇವರು ಬೈಯುವುದಿಲ್ಲ" ಎಂದಿದ್ದರು.

ನಿಮ್ಮ ಅಜ್ಜನ ವಿಷಯವನ್ನೂ ಇಲ್ಲೇ ಹೇಳಬೇಕು. ಅವರು ಮಿರ್ಕಾಬಿನ ಆಫೀಸು ಕಟ್ಟಡಗಳ ಲಿಫ್ಟು, ನೀರಿನ ಪಂಪು ನೋಡಿಕೊಳ್ಳುತ್ತಿದ್ದರು. ಶುಕ್ರವಾರ ಆಫೀಸುಗಳಿಗೆ ರಜೆ. ಲಿಫ್ಟು ನಿಲ್ಲಿಸಿ ಬಿಚ್ಚಲು ಅದೇ ದಿನ ಬೇಕು. ಹಾಗಾಗಿ ಊರಿಗೆಲ್ಲ ರಜೆಯಾದಾಗ ಅವರಿಗೆ ಕೆಲಸ. ನಮ್ಮ ಸಭೆಯ ಆರಾಧನೆಯೂ ಇಲ್ಲಿ ಶುಕ್ರವಾರವೇ. ಇಷ್ಟು ವರ್ಷಗಳಲ್ಲಿ ಅವರು ಆರಾಧನೆಗೆ ಬಂದದ್ದು ತೀರ ಅಪರೂಪ. ಬೆಳಿಗ್ಗೆ ಹೊರಡುವಾಗ "ನೀನು ಹೋಗು. ನನ್ನ ಪಾಲಿನದ್ದೂ ಕೇಳಿಕೊಂಡು ಬಾ" ಎನ್ನುತ್ತಿದ್ದರು. ಒಂದು ಶುಕ್ರವಾರ ಹಾಗೆ ಹೋದವರು ಅಲ್ಲೇ ಪಂಪಿನ ಕೋಣೆಯಲ್ಲಿ ಎದೆ ಹಿಡಿದುಕೊಂಡು ಕುಳಿತರಂತೆ. ಮತ್ತೆ ಏಳಲಿಲ್ಲ.

ಮನೆಗೆ ಸಮಾಧಾನ ಹೇಳಲು ಬಂದ ನಮ್ಮ ಸಭೆಯ ಹಿರಿಯರು ಒಳ್ಳೆಯ ಮನುಷ್ಯ. ಆದರೆ ಮಾತು ಸ್ವಲ್ಪ ಒರಟು. ಹೊರಡುವಾಗ, "ಎಷ್ಟು ಸಲ ಕರೆದೆವು, ಸಭೆಗೆ ಬರಲೇ ಇಲ್ಲ. ದೇವರು ಆರಿಸಿಕೊಂಡವರನ್ನು ದೇವರೇ ಎಳೆದುಕೊಂಡು ಬರ್ತಾನೆ. ಇನ್ನು ಅವನ ಚಿತ್ತ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಆ ಮಾತು ನನ್ನೊಳಗೆ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಹಾಗಾದರೆ ಅವರನ್ನು ದೇವರು ಆರಿಸಿಕೊಂಡಿರಲಿಲ್ಲವೇ? ಈಗ ಅವರು ಎಲ್ಲಿದ್ದಾರೆ? ಯಾರನ್ನು ಕೇಳುವುದು? ನನ್ನ ಮಗನ ಹತ್ತಿರವೂ ಕೇಳಲಿಲ್ಲ.

ತಿಂಗಳಿಗೊಂದು ಶುಕ್ರವಾರ ಸಂಜೆ ಬ್ನೇದ್ ಅಲ್ ಗಾರಿನಲ್ಲಿ ಹಿರಿಯರ ಮನೆಯಲ್ಲಿ ಪ್ರಾರ್ಥನೆಕೂಟ ಇರುತ್ತಿತ್ತು. ಅಲ್ಲಿ ಮೊದಲಿನಿಂದಲೂ ಒಂದು ಕ್ರಮ: ಊರಿನಿಂದ ಯಾರಿಗಾದರೂ ಕಾಗದ ಬಂದರೆ ಅದರಲ್ಲಿ ಪ್ರಾರ್ಥನೆ ಕೋರಿದ ಭಾಗವನ್ನು ಓದುವುದು. ಅತ್ತೆಗೆ ಕಾಲುನೋವು, ತಮ್ಮನಿಗೆ ಕೆಲಸವಿಲ್ಲ, ಹೀಗೆ. ಓದಿ ಮುಗಿದ ಮೇಲೆ ಯಾರಾದರೂ ಒಬ್ಬರು ಅವರಿಗಾಗಿ ಬಾಯಿಬಿಟ್ಟು ಪ್ರಾರ್ಥಿಸುವುದು. ಆಮೇಲೆ ಕಾಗದಗಳು ನಿಂತು ಫೋನಿನಲ್ಲಿ ಸಂದೇಶ ಬರಲು ಶುರುವಾದರೂ ನಾವು ಅದನ್ನು ಕಾಗದ ಎಂದೇ ಕರೆಯುತ್ತಿದ್ದೆವು. ಓದಲು ಹೆಚ್ಚೇನೂ ಇಲ್ಲದ ತಿಂಗಳು ಟೀಚರು ತಮ್ಮ ಹಳೆಯ ಪತ್ರಿಕೆಗಳಿಂದ ಒಂದು ಕಾಗದವನ್ನು ಕನ್ನಡ ಮಾಡಿ ಓದತೊಡಗಿದರು. ನಾನು ಅದನ್ನು ಸರಿಯಾಗಿ ಕೇಳಿದವಳಲ್ಲ. ಕೂಟದ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದೆ. ಯಾರೂ ಹೇಳಿದ್ದಲ್ಲ; ಅಲ್ಲಿ ನಿಂತರೆ ಮಾತಾಡಬೇಕಾಗಿಲ್ಲ ಎಂದು ನಾನೇ ಹಿಡಿದ ಕೆಲಸ.

ನಿಮ್ಮ ಅಜ್ಜ ಹೋದ ಕೆಲವು ತಿಂಗಳ ನಂತರ ಒಂದು ಸಂಜೆ ಚಹಾದ ಟ್ರೇ ಹಿಡಿದು ಒಳಗೆ ಬಂದಾಗ ಟೀಚರು ಓದುತ್ತಿದ್ದರು. ಬೇರೆಯವರ ಮನೆಯಲ್ಲಿ ಕೆಲಸಕ್ಕಿರುವ ಒಬ್ಬ ಹುಡುಗಿಯ ಕಾಗದ. ಅವಳ ಅಪ್ಪ ಮೀನುಗಾರ. ದೋಣಿ ಮಗುಚಿ ಸತ್ತುಹೋದ. ಅವನು ಎಲ್ಲರ ಜೊತೆ ಪ್ರಾರ್ಥನೆಗೆ ಬರುತ್ತಿರಲಿಲ್ಲ. ಅಪ್ಪ ಈಗ ಎಲ್ಲಿದ್ದಾನೆಂದು ತನಗೆ ತಿಳಿಯದು. ತಿಳಿಯದೆ ಬದುಕುವ ಶಕ್ತಿ ತನಗೆ ಬರಲೆಂದು ಇದನ್ನು ಕೇಳಿದವರು ಪ್ರಾರ್ಥಿಸಬೇಕು ಎಂದು ಅವಳು ಕೋರಿದ್ದಳು.

ಟ್ರೇಯನ್ನು ನೆಲದ ಮೇಲೆ ಇಟ್ಟುಬಿಟ್ಟೆ. ಹಿರಿಯರು "ಯಾರು ಪ್ರಾರ್ಥಿಸುತ್ತೀರಿ?" ಎಂದು ಕೇಳಿದ್ದು ಅದಕ್ಕಲ್ಲ, ಬೇರೆ ಯಾರದ್ದೋ ಆಪರೇಶನ್‌ಗೆ. ನನಗೆ ಅದು ತಿಳಿಯಲಿಲ್ಲ. ಆ ಕೋಣೆಯಲ್ಲಿ ಮೊತ್ತಮೊದಲ ಬಾರಿ ನಾನು ಬಾಯಿ ತೆರೆದೆ. "ಕರ್ತನೇ, ಆ ಹುಡುಗಿಗೆ ಶಕ್ತಿ ಕೊಡು. ಅವಳಿಗೆ ಊಟ ಸೇರುತ್ತಿಲ್ಲದಿದ್ದರೆ ಊಟ ಸೇರಲಿ. ಕೆಲಸದ ಮನೆಯವರು ಅವಳನ್ನು ಬೈಯದಿರಲಿ. ಅವಳಿಗೆ ನಿದ್ದೆ ಕೊಡು." ಇಷ್ಟಾಗುವಾಗ ಯಾರೋ ಕಿಸಕ್ಕನೆ ನಕ್ಕರು. ಮತ್ತೊಬ್ಬರು ಕೆಮ್ಮಿದಂತೆ ಮಾಡಿದರು. ನಾನು ನಿಲ್ಲಿಸಿದೆ.

"ಅಯ್ಯೋ ಮಾರಾಯ್ತಿ, ಅವಳು ಸತ್ತು ಮಣ್ಣಾಗಿ ಎಷ್ಟು ಕಾಲ ಆಯ್ತು!" ಎಂದು ಹಿರಿಯರ ಹೆಂಡತಿ ನಗುತ್ತಲೇ ನನ್ನ ಭುಜ ಹಿಡಿದರು. "ಇದು ಟೀಚರ ಹಳೇ ಪೇಪರಿನದ್ದು. ನೀನು ವಾಟ್ಸಾಪಿನಲ್ಲಿ ಬಂದದ್ದು ಅಂತ ಮಾಡಿದೆಯಾ?"

ಈಗ ಎಲ್ಲರೂ ಬಿಡುಬೀಸಾಗಿ ನಕ್ಕರು. ಹಿರಿಯರು ಮಾತ್ರ ನಗಲಿಲ್ಲ. "ಸತ್ತವರಿಗಾಗಿ ಪ್ರಾರ್ಥಿಸುವ ಕ್ರಮ ನಮ್ಮ ಸಭೆಯಲ್ಲಿ ಇಲ್ಲ. ತಿಳಿಯದೆ ಆದದ್ದು, ಬಿಡಿ" ಎಂದರು. ಆಗ ಟೀಚರು ಹಾಳೆಯಿಂದ ತಲೆ ಎತ್ತಿದರು.

"ತಪ್ಪು ಎಂತ ಆಯ್ತು ಹಿರಿಯರೇ? ಕೇಳಿದವರು ಪ್ರಾರ್ಥಿಸಿ ಅಂತ ಅವಳು ಬರೆದಿದ್ದಾಳೆ. ಕೇಳಿದವರು ಪ್ರಾರ್ಥಿಸಿದರು. ಕಾಗದ ತಲುಪಿದ್ದು ತಡವಾಯ್ತು, ಅಷ್ಟೇ. ಇಷ್ಟು ವರ್ಷ ಇದನ್ನು ಓದುತ್ತಿದ್ದೇನೆ. ಅವಳು ಕೇಳಿದ್ದನ್ನು ಮಾಡಬೇಕು ಅಂತ ನನಗೆ ಒಂದು ದಿನವೂ ಹೊಳೆಯಲಿಲ್ಲ."

ಆದರೆ ನನಗೆ ಆ ಮಾತು ಆಗ ಹಿಡಿಸಲಿಲ್ಲ. ನೆಲ ಬಿರಿದು ಒಳಗೆ ಹೋದರೆ ಸಾಕು ಎನಿಸಿತ್ತು. ಮನೆಗೆ ಬಂದು, ಇನ್ನು ಕೂಟಕ್ಕೆ ಹೋಗುವುದಿಲ್ಲ ಎಂದು ನಿಮ್ಮ ಅಪ್ಪನಿಗೆ ಹೇಳಿದೆ.

ಮರುದಿನ ಮಧ್ಯಾಹ್ನ ಟೀಚರು ಬಾಗಿಲು ಬಡಿದರು. ಕಂಕುಳಲ್ಲಿ ಹಾಳೆಗಳ ಒಂದು ಕಟ್ಟು. ನಾನು ಬೂತಾಯಿ ಮೀನು ಹೆಚ್ಚುತ್ತಿದ್ದೆ. ಕೈ ತೊಳೆಯಲು ಎದ್ದರೆ ಬಿಡಲಿಲ್ಲ. "ನೀವು ನಿಮ್ಮ ಕೆಲಸ ಮಾಡಿ ಅಕ್ಕ. ನಾನು ನನ್ನದು ಮಾಡ್ತೇನೆ" ಎಂದು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾನೇ ಕೇಳಿದೆ.

"ಆಮೇಲೆ ಆ ಹುಡುಗಿಗೆ ಎಂತ ಆಯ್ತು ಟೀಚರ್?"

ಅವರು ಕನ್ನಡಿಯನ್ನು ಕಣ್ಣಿನಿಂದ ತೆಗೆದು ನನ್ನನ್ನೇ ನೋಡಿದರು. "ಗೊತ್ತಿಲ್ಲ. ಹುಡುಕಲಿಲ್ಲ. ನಾವಿಬ್ಬರೂ ಹುಡುಕುವಾ?"

ಹೀಗೆ ನಮ್ಮ ಹುಡುಕಾಟ ಶುರುವಾಯಿತು. ಶಾಲೆ ಬಿಟ್ಟು ಬಂದ ಕೂಡಲೇ, ಊಟವೂ ಮಾಡದೆ, ಹಾಳೆಗಳನ್ನು ಹೊತ್ತು ನಮ್ಮ ಮನೆಗೆ ಬರುತ್ತಿದ್ದರು. ನಾನು ಅವರಿಗೆ ಊಟ ಬಡಿಸುತ್ತಿದ್ದೆ. ಅವರು ಎಡಗೈಯಲ್ಲಿ ಕನ್ನಡಿ ಹಿಡಿದು, ಬಲಗೈಯಲ್ಲಿ ಅನ್ನ ಕಲಸುತ್ತ, ಅರ್ಧ ಕನ್ನಡ ಅರ್ಧ ತುಳುವಿನಲ್ಲಿ ಓದುತ್ತಿದ್ದರು. ಆ ಹುಡುಗಿಯ ಎರಡನೆಯ ಕಾಗದ ಎಲ್ಲಿಯಾದರೂ ಅಚ್ಚಾಗಿದೆಯೇ ಎಂದು ಒಂದೊಂದೇ ಸಂಚಿಕೆ ನೋಡುತ್ತ ಹೋದೆವು. ಅವಳು ಸಿಗಲಿಲ್ಲ. ಬೇರೆ ಎಷ್ಟೋ ಜನ ಸಿಕ್ಕರು. ಬೋಧನೆ ಕೇಳುವಾಗ ನಿದ್ದೆ ಬಂತೆಂದು ತಿಂಗಳುಗಟ್ಟಲೆ ಅತ್ತ ಒಬ್ಬ ನೇಕಾರ. ಅತ್ತೆಗೆ ಹೆದರಿ ಕೊಟ್ಟಿಗೆಯಲ್ಲಿ ಪ್ರಾರ್ಥಿಸುತ್ತಿದ್ದ ಒಬ್ಬ ಸೊಸೆ. ಇನ್ನೊಬ್ಬ ತನ್ನ ಪಾಪಗಳನ್ನೇ ಎರಡು ಸಂಚಿಕೆ ತುಂಬ ಬರೆದಿದ್ದ. "ಇವನಿಗೆ ಇಷ್ಟೆಲ್ಲ ಮಾಡ್ಲಿಕ್ಕೆ ಪುರುಸೊತ್ತಾದರೂ ಎಲ್ಲಿತ್ತು ಅಕ್ಕ? ನನಗೆ ಒಂದು ಪಾಪ ಮಾಡುವಾಗಲೇ ಶಾಲೆಯ ಬೆಲ್ ಆಗ್ತದೆ" ಎಂದರು ಟೀಚರು. ನನಗೆ ನಗು ತಡೆಯಲಾಗಲಿಲ್ಲ. ನಿಮ್ಮ ಅಜ್ಜ ಹೋದ ಮೇಲೆ ನಾನು ಹಾಗೆ ನಕ್ಕದ್ದು ಅದೇ ಮೊದಲು.

ಟೀಚರಿಗೆ ಆ ಜನರ ಮೇಲೆ ಪ್ರೀತಿ ಇತ್ತು. ಆದರೆ ಅವರು ಹೇಳಿದ್ದನ್ನೆಲ್ಲ ಒಪ್ಪುತ್ತಿರಲಿಲ್ಲ. ದೊಡ್ಡ ದೊಡ್ಡ ಬೋಧಕರು ಪತ್ರಿಕೆಯಲ್ಲಿ ಜಗಳಾಡುವ ಪುಟ ಬಂದರೆ, "ಗಂಡಸರ ಗಲಾಟೆ, ಖಲಾಸ್" ಎಂದು ಮಗುಚಿ ಹಾಕುತ್ತಿದ್ದರು. ಹೆಂಗಸರ ಕಾಗದ ಬಂದರೆ ಊಟ ನಿಲ್ಲಿಸಿ ಓದುತ್ತಿದ್ದರು. ಹೆಚ್ಚಿನವಕ್ಕೆ ಹೆಸರು ಇರುತ್ತಿರಲಿಲ್ಲ. ಒಬ್ಬ ಹೆಂಗಸು, ಒಬ್ಬ ಹುಡುಗಿ, ಅಷ್ಟೇ.

ಒಂದು ದಿನ ಧೈರ್ಯ ಮಾಡಿದೆ. ಒಲೆಯ ಕಡೆ ಮುಖ ಮಾಡಿ, ನೀರುದೋಸೆ ಎರೆಯುತ್ತಾ ಕೇಳಿದೆ.

"ಟೀಚರ್, ದೇವರು ಆರಿಸಿಕೊಂಡವರಲ್ಲಿ ನಮ್ಮವರು ಇರಬಹುದಾ?"

ದೋಸೆ ಸೀದು ಹೋಯಿತು. ಆಮೇಲೆ ಅವರು ಹೇಳಿದ್ದನ್ನು ನಾನು ಮರೆತಿಲ್ಲ.

"ನನಗೆ ಗೊತ್ತಿಲ್ಲ ಅಕ್ಕ. ಹಿರಿಯರಿಗೂ ಗೊತ್ತಿಲ್ಲ. ತಮಗೆ ಗೊತ್ತುಂಟು ಅಂತ ಬರೆದವರ ಕಾಗದ ಇದರಲ್ಲಿ ಬೇಕಾದಷ್ಟು ಉಂಟು. ಸ್ವಲ್ಪ ದಿನ ಬಿಟ್ಟು ಅವರೇ ಅಳುತ್ತಾ ಬರೀತಾರೆ, ಗೊತ್ತಿಲ್ಲ ಅಂತ." ಅವರು ಕೈತೊಳೆದುಕೊಂಡು ನನ್ನ ಪಕ್ಕಕ್ಕೆ ಬಂದರು. "ಆದರೆ ಒಂದು ನೋಡಿ. ಇವರೆಲ್ಲ ಕ್ಯಾಲ್ವಿನ್ ಪಂಥದವರು. ಸ್ವರ್ಗಕ್ಕೆ ಯಾರು ಅಂತ ಲೋಕ ಹುಟ್ಟುವ ಮೊದಲೇ ದೇವರು ಆರಿಸಿ ಆಗಿದೆ ಅಂತ ಇವರ ನಂಬಿಕೆ. ಅದನ್ನು ಕೇಳಿ ನೀವು ಹೆದರಿದ್ದೀರಿ. ನಾನೂ ಚಿಕ್ಕವಳಿರುವಾಗ ಹೆದರಿದ್ದೆ. ಲೋಕ ಹುಟ್ಟುವ ಮೊದಲು ಶುಕ್ರವಾರ ಇತ್ತಾ? ಮಿರ್ಕಾಬಿನ ಲಿಫ್ಟ್ ಇತ್ತಾ? ಅಂದರೆ ಆರಿಸುವಾಗ ದೇವರು ನಮ್ಮ ಸಭೆಯ ಹಾಜರಿ ನೋಡಿ ಆರಿಸಲಿಲ್ಲ. ಅಷ್ಟು ಮಾತ್ರ ಖಂಡಿತ. ಉಳಿದದ್ದು ಅವನಿಗೇ ಬಿಡಿ."

ನಾನು ಒಲೆ ಆರಿಸಿದೆ. ಯಾವ ಮಾತು ಇಷ್ಟು ದಿನ ನನ್ನನ್ನು ಚುಚ್ಚಿತ್ತೋ ಅದೇ ಮಾತನ್ನು ಟೀಚರು ತಿರುಗಿಸಿ ನನ್ನ ಕೈಗೆ ಕೊಟ್ಟಿದ್ದರು. ಅವರು ನನಗೆ ಸುಳ್ಳು ಹೇಳಲಿಲ್ಲ ಮಕ್ಕಳೇ. ನಿಮ್ಮವರು ಸ್ವರ್ಗದಲ್ಲೇ ಇದ್ದಾರೆ ಎಂದು ಹೇಳಿದವರು ತುಂಬ ಜನ. ಅವರ ಮಾತು ಮೆಟ್ಟಿಲು ಇಳಿಯುವಷ್ಟರಲ್ಲಿ ಮುಗಿಯುತ್ತಿತ್ತು. ಗೊತ್ತಿಲ್ಲ ಎಂದ ಇವರ ಮಾತು ಮಾತ್ರ ನನ್ನೊಡನೆ ಉಳಿಯಿತು.

ಹಾಳೆಗಳು ಮುಗಿದವು. ನಡುನಡುವೆ ಎಷ್ಟೋ ಸಂಚಿಕೆಗಳು ಯಾವ ಗ್ರಂಥಾಲಯದಲ್ಲೂ ಉಳಿದಿಲ್ಲವಂತೆ. ಆ ಹುಡುಗಿ ಮತ್ತೆ ಬರೆದಿದ್ದಳೋ, ಬರೆದದ್ದು ಅಚ್ಚಾಗಲಿಲ್ಲವೋ, ಅಚ್ಚಾದ ಹಾಳೆ ಕಳೆದುಹೋಯಿತೋ. ನನಗೆ ಅಳು ಬಂತು. ಟೀಚರು ಹಾಳೆಗಳನ್ನು ಕಟ್ಟುತ್ತಾ, "ಎರಡನೆಯ ಕಾಗದ ನೀವು ಬರೆಯಿರಿ. ಅವಳಿಗೇ ಬರೆಯಿರಿ" ಎಂದರು.

"ಸತ್ತವಳಿಗೆ ಕಾಗದವಾ? ಹಿರಿಯರಿಗೆ ಗೊತ್ತಾದರೆ?"

"ಅವಳ ಊಟ ನಿದ್ದೆಯನ್ನೆಲ್ಲ ವಿಚಾರಿಸಿ ಆಗಿದೆ. ಇನ್ನು ಎಂತ ನಾಚಿಕೆ?"

ನಾನು ಬರೆದೆ. ಬಹಳ ದಿನ ಹಿಡಿಯಿತು. ನಾನು ಆ ಹುಡುಗಿಗೆ ನಿಮ್ಮ ಅಜ್ಜನ ವಿಷಯ ಹೇಳಿದೆ. ಶುಕ್ರವಾರ ಸಂಜೆ ಅವರು ಗ್ರೀಸಿನ ಕೈ ತೊಳೆದು ಊಟಕ್ಕೆ ಕುಳಿತ ಕೂಡಲೇ "ಇವತ್ತು ಪಾದ್ರಿಗಳು ಎಂತ ಹೇಳಿದರು?" ಎಂದು ಕೇಳುತ್ತಿದ್ದದ್ದು. ಯಾರ ಹತ್ತಿರವೂ ಬಾಯಿ ಬಿಡದ ನಾನು ಅವರೊಬ್ಬರಿಗೆ ಇಡೀ ಬೋಧನೆಯನ್ನು ಮೊದಲಿನಿಂದ ಹೇಳುತ್ತಿದ್ದದ್ದು. ಅವರು ನಡುವೆ ಕೈ ನಿಲ್ಲಿಸಿ, "ಹಾಗಾದರೆ ಕುರುಬ ಆ ತಪ್ಪಿಹೋದ ಕುರಿಯನ್ನು ಹುಡುಕಿಕೊಂಡು ಹೋದಾಗ ಬೇರೆ ಕುರಿಗಳನ್ನು ಅಷ್ಟು ಹೊತ್ತು ಯಾರು ನೋಡಿಕೊಂಡರು?" ಎಂಬಂಥ ಪ್ರಶ್ನೆ ಕೇಳುತ್ತಿದ್ದದ್ದು. ಬರೆಯುತ್ತಾ ಹೋದಾಗ ನನಗೆ ತಿಳಿಯಿತು: ಅವರು ಆರಾಧನೆಗೆ ಬಾರದಿದ್ದರೂ ಒಂದು ಬೋಧನೆಯನ್ನೂ ಬಿಟ್ಟವರಲ್ಲ. ಅವರ ಪಾಲಿನದ್ದನ್ನು ನಾನು ತಪ್ಪದೆ ತಂದು ಕೊಟ್ಟಿದ್ದೆ. ಕೊನೆಯ ಶುಕ್ರವಾರದ್ದು ಮಾತ್ರ ನನ್ನಲ್ಲೇ ಉಳಿಯಿತು. ಅದನ್ನೂ ಬರೆದೆ.

ಟೀಚರು ಓದಿ, ಕನ್ನಡಿಯನ್ನು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದರು. ಆ ದಿನ ಅದು ಚಹಾದಲ್ಲಿ ಬಿದ್ದಿರಲಿಲ್ಲ. "ಇದನ್ನು ಕೂಟದಲ್ಲಿ ಓದುವ" ಎಂದರು. ನಾನು ಎದ್ದೇ ಬಿಟ್ಟೆ. "ನೀವು ಓದಬೇಡಿ. ನಾನು ಓದ್ತೇನೆ. ಹೆಸರು ಹೇಳುವುದಿಲ್ಲ. ಒಬ್ಬ ಹೆಂಗಸಿನ ಕಾಗದ ಅಂತ ಓದ್ತೇನೆ. ಆ ಪತ್ರಿಕೆಗಳಲ್ಲೂ ಹಾಗೇ ಅಲ್ಲವಾ?"

ಹೀಗೆ ನಾನು ಮತ್ತೆ ಬ್ನೇದ್ ಅಲ್ ಗಾರಿಗೆ ಹೋದೆ. ಅಡುಗೆಮನೆಯಲ್ಲಿ ನಿಂತು ಚಹಾದ ನೀರು ಇಟ್ಟೆ. ಒಳಗಿನಿಂದ ನನ್ನ ಮಾತುಗಳು ಟೀಚರ ಸ್ವರದಲ್ಲಿ ಬಂದವು. ಲಿಫ್ಟು, ಗ್ರೀಸು, ಕುರಿಯ ಪ್ರಶ್ನೆ. ಕುರಿಯ ಮಾತಿಗೆ ಕೆಲವರು ನಕ್ಕರು. ಅದು ಬೇರೆ ಬಗೆಯ ನಗು. ಹೆಸರು ಹೇಳದಿದ್ದರೂ ಯಾರಿಗೆ ತಿಳಿಯದು? ಹಿರಿಯರ ಸ್ವರ ಕೇಳಿಸಿತು. ಎಂದಿನ ಗಡಸು ಇರಲಿಲ್ಲ. "ಅವನು ಬರಲಿಲ್ಲ ಅಂತ ನಾನು ಹೇಳಿದ್ದೆ. ಅವನು ಕೇಳುತ್ತಿದ್ದ ಅಂತ ನನಗೆ ಗೊತ್ತಿರಲಿಲ್ಲ" ಎಂದರು. ಮತ್ತೆ, "ಈ ಕಾಗದ ಬರೆದ ತಾಯಿಗಾಗಿ ಪ್ರಾರ್ಥಿಸುವ" ಎಂದರು.

ಹಿರಿಯರ ಹೆಂಡತಿ ಅಡುಗೆಮನೆಗೆ ಬಂದರು. ಕಣ್ಣು ಒರೆಸಿಕೊಂಡು, ನನ್ನ ಕೈಯಿಂದ ಚಹಾದ ಪಾತ್ರೆ ಕಿತ್ತುಕೊಂಡರು. "ಕೊಡು ಇಲ್ಲಿ. ನಿನ್ನ ಚಹಾ ಯಾವಾಗಲೂ ನೀರು. ಇವತ್ತು ನಾನು ಮಾಡ್ತೇನೆ. ನೀನು ಹೋಗಿ ಕೂತ್ಕೋ." ನಾನು ಒಳಗೆ ಹೋದೆ. ಟೀಚರು ತಮ್ಮ ಪಕ್ಕದ ಕುರ್ಚಿಯಿಂದ ಕೈಚೀಲ ಎತ್ತಿಕೊಂಡರು. ಆ ಕುರ್ಚಿ ಮೊದಲಿನಿಂದಲೂ ಖಾಲಿ ಇತ್ತೋ, ಅಂದು ಹಿಡಿದಿಟ್ಟಿದ್ದರೋ, ಕೇಳಲಿಲ್ಲ. ಅಂದಿನಿಂದ ಅದು ನನ್ನ ಜಾಗ.

ಕೆಲಸದಿಂದ ನಿವೃತ್ತಿಯಾಗಿ ಟೀಚರು ಊರಿನಲ್ಲಿರುವ ತಂಗಿಯ ಮನೆಗೆ ಹೋದರು. ಹೋಗುವಾಗಲೇ ಕಣ್ಣು ಬಹಳ ಮಂಜಾಗಿತ್ತು. ಹಾಳೆಗಳ ಕಟ್ಟುಗಳನ್ನು ತಮ್ಮ ಸಾಮಾನಿಗಿಂತ ಜೋಪಾನವಾಗಿ ಕೊಂಡುಹೋದರು. ಫೋನು ಮಾಡಿದಾಗ ತಂಗಿಯ ಮಗಳು ಓದಿ ಹೇಳುತ್ತಾಳೆಂದೂ, "ಓದುತ್ತಾಳೆ, ಆದರೆ ಅಳುವುದಿಲ್ಲ ಅಕ್ಕ. ನಿಮ್ಮ ಹಾಗೆ ಕೇಳುವವರು ಇಲ್ಲಿ ಯಾರೂ ಇಲ್ಲ" ಎಂದೂ ಹೇಳಿದ್ದರು. ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಕೂಟದಲ್ಲಿ ಹಿರಿಯರೇ ಅದನ್ನು ಓದಿದರು. ಓದಿ, ಯಾರನ್ನೂ ಕೇಳದೆ ನನ್ನ ಕಡೆ ನೋಡಿದರು.

ನಾನು ಎದ್ದು ನಿಂತೆ. ನಮ್ಮ ಕ್ರಮ ನನಗೆ ಗೊತ್ತಿತ್ತು. ಅವರಿಗಾಗಿ ಏನೂ ಬೇಡಲಿಲ್ಲ. ಅವರನ್ನು ಕೊಟ್ಟದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದೆ. ನನ್ನ ಸ್ವರ ಕೊನೆಯ ಸಾಲಿನವರಿಗೂ ಕೇಳಿಸಿತಂತೆ.

ಮಕ್ಕಳೇ, ಇದು ನಿಮ್ಮ ಕೈಗೆ ಯಾವಾಗ ಬರುತ್ತದೋ ನನಗೆ ತಿಳಿಯದು. ನೀವು ದೊಡ್ಡವರಾಗಿ, ಬೇರೆ ಯಾವುದೋ ದೇಶದಲ್ಲಿ, ಯಾವುದೋ ಪೆಟ್ಟಿಗೆಯಲ್ಲಿ ಕಂಡು, ಯಾರಿಂದಲೋ ಓದಿಸಿ ಕೇಳಬಹುದು. ಆಗ ಅಜ್ಜಿ ಸತ್ತು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಬೇಡಿ. ಇದು ಇವತ್ತು ಬಂದ ಕಾಗದವೆಂದೇ ತಿಳಿದು, ನನಗೆ ಊಟ ಸೇರುತ್ತದೋ, ನಿದ್ದೆ ಬರುತ್ತದೋ ಎಂದು ವಿಚಾರಿಸಿ. ಯಾರಾದರೂ ನಕ್ಕರೆ ನಗಲಿ. ಅದು ತಪ್ಪಲ್ಲ ಎಂದು ಟೀಚರು ಹೇಳಿದ್ದಾರೆ.